ಮನೆಯ ಕಂಪ್ಯೂಟರ್‌ಗೆ ರಿಸ್ಟೋರ್ ಪಾಯಿಂಟ್ ಮತ್ತು ಬ್ಯಾಕಪ್: ಯಾವುದು ಯಾವುದಕ್ಕೆ, ಮಾಡುವುದು ಹೇಗೆ?

ತುಮಕೂರು ಜಿಲ್ಲೆಯ ಓದುಗರಿಂದ, ಅದರಲ್ಲೂ ವ್ಯಾಪಾರದ ಲೆಕ್ಕ, ಮಕ್ಕಳ ಓದು, ಮನೆಯವರ ಫೋಟೋ ಎಲ್ಲವನ್ನೂ ಒಂದೇ ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡಿರುವವರಿಂದ, ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಸಿಸ್ಟಮ್ ರಿಸ್ಟೋರ್ ಮಾಡಿದರೂ ಅಳಿಸಿಹೋದ ಫೋಟೋಗಳು ಏಕೆ ವಾಪಸು ಬರಲಿಲ್ಲ ಎಂದು ಕೆಲವರು ಕೇಳುತ್ತಾರೆ. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿದ ಮೇಲೆ ಹಳೆಯ ರಿಸ್ಟೋರ್ ಪಾಯಿಂಟ್‌ಗಳೆಲ್ಲ ಎಲ್ಲಿ ಹೋದವು ಎಂದು ಇನ್ನು ಕೆಲವರು ಕೇಳುತ್ತಾರೆ. ರಿಸ್ಟೋರ್ ಪಾಯಿಂಟ್ ಮತ್ತು ಬ್ಯಾಕಪ್ ಎರಡೂ ಒಂದೇ ಎಂದು ತಿಳಿದಿರುವುದೇ ಈ ಎಲ್ಲ ತೊಂದರೆಗೂ ಮೂಲ. ಅವು ಒಂದೇ ಅಲ್ಲ, ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ರಿಸ್ಟೋರ್ ಪಾಯಿಂಟ್ ಎಂದರೆ ವಿಂಡೋಸ್ ತನ್ನ ಸ್ವಂತ ಸ್ಥಿತಿಯನ್ನು ಒಂದು ನಿರ್ದಿಷ್ಟ ಗಳಿಗೆಯಲ್ಲಿ ಗುರುತು ಹಾಕಿ ಇಟ್ಟುಕೊಳ್ಳುವುದು. ಆ ಗುರುತಿಗೆ ವಿಂಡೋಸ್ ಅನ್ನು ಮರಳಿಸುವುದೇ ಸಿಸ್ಟಮ್ ರಿಸ್ಟೋರ್. ವಿಂಡೋಸ್‌ನ ಮುಖ್ಯ ಫೈಲ್‌ಗಳು, ಹಾಕಿಕೊಂಡ ಪ್ರೋಗ್ರಾಂಗಳು, ಡ್ರೈವರ್‌ಗಳು, ಅಂದರೆ ಪ್ರಿಂಟರ್, ಸ್ಪೀಕರ್ ಮುಂತಾದ ಸಾಧನಗಳ ಜೊತೆ ಕಂಪ್ಯೂಟರ್ ಮಾತನಾಡಲು ಬೇಕಾದ ಸಣ್ಣ ತಂತ್ರಾಂಶಗಳು, ಮತ್ತು ರಿಜಿಸ್ಟ್ರಿ, ಅಂದರೆ ಎಲ್ಲ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತ, ಇವಿಷ್ಟೇ ಅದರ ವ್ಯಾಪ್ತಿ. ನಿಮ್ಮ ಫೋಟೋ, ಪತ್ರ, ಎಕ್ಸೆಲ್ ಶೀಟ್ ಇವುಗಳನ್ನು ಅದು ಉಳಿಸುವುದೂ ಇಲ್ಲ, ಅಳಿಸುವುದೂ ಇಲ್ಲ. ಜೊತೆಗೆ ರಿಸ್ಟೋರ್ ಪಾಯಿಂಟ್ ಇರುವುದು ಅದೇ ಡಿಸ್ಕ್‌ನಲ್ಲಿ. ಡಿಸ್ಕ್ ಕೆಟ್ಟರೆ, ಕಳುವಾದರೆ ಅಥವಾ ಅದನ್ನು ಫಾರ್ಮ್ಯಾಟ್ ಮಾಡಿದರೆ ಅದೂ ಹೋಗುತ್ತದೆ.

ಬ್ಯಾಕಪ್ ಎಂದರೆ ನಿಮ್ಮ ಫೈಲ್‌ಗಳ ಇನ್ನೊಂದು ಪ್ರತಿ, ಮತ್ತು ಆ ಪ್ರತಿ ಬೇರೆಯದೇ ಆದ ಸಾಧನದಲ್ಲಿ ಇರಬೇಕು. ಇಲ್ಲಿ ಡಿ ಡ್ರೈವ್‌ನ ವಿಷಯ ಹೇಳಲೇಬೇಕು. ನಮ್ಮಲ್ಲಿ ಕಂಪ್ಯೂಟರ್ ಮಾರುವವರು ಒಂದೇ ಡಿಸ್ಕ್ ಅನ್ನು ಸಿ ಮತ್ತು ಡಿ ಎಂದು ವಿಭಾಗ ಮಾಡಿ ಕೊಡುವ ರೂಢಿ ಇದೆ. ಮುಖ್ಯವಾದದ್ದೆಲ್ಲ ಡಿ ಡ್ರೈವ್‌ನಲ್ಲಿದೆ, ಆದ್ದರಿಂದ ಭಯವಿಲ್ಲ ಎಂದು ಅನೇಕರು ನಂಬಿದ್ದಾರೆ. ವಿಂಡೋಸ್ ಕೆಟ್ಟು ಸಿ ಡ್ರೈವ್ ಅನ್ನು ಮಾತ್ರ ಅಳಿಸಿದಾಗ ಡಿ ಉಳಿಯುತ್ತದೆ ಎಂಬುದು ನಿಜ. ಆದರೆ ಡಿಸ್ಕ್ ಸತ್ತರೆ ಸಿ ಮತ್ತು ಡಿ ಎರಡೂ ಒಟ್ಟಿಗೇ ಹೋಗುತ್ತವೆ. ದಯವಿಟ್ಟು ಡಿ ಡ್ರೈವ್ ಅನ್ನು ಬ್ಯಾಕಪ್ ಎಂದು ಎಣಿಸಬೇಡಿ.

ಮುಂದಿನ ಹಂತಗಳು ವಿಂಡೋಸ್ 10 ಮತ್ತು 11 ಎರಡಕ್ಕೂ ಹೊಂದುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಅದನ್ನೇ ಬಳಸುತ್ತಿರುವವರಿಗೆ ಬ್ಯಾಕಪ್‌ನ ಅಗತ್ಯ ಇನ್ನೂ ಹೆಚ್ಚು.

ಬೇಕಾಗುವ ವಸ್ತುಗಳು

ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಅಂದರೆ ಯುಎಸ್‌ಬಿ ತಂತಿಯಿಂದ ಜೋಡಿಸುವ ಹೊರಗಿನ ಡಿಸ್ಕ್ ಬೇಕು. ಹೆಚ್ಚಿನ ಮನೆಗಳಿಗೆ 1 ಟಿಬಿ ಸಾಕು. 16 ಜಿಬಿ ಅಥವಾ ಅದಕ್ಕಿಂತ ದೊಡ್ಡದಾದ ಒಂದು ಖಾಲಿ ಪೆನ್‌ಡ್ರೈವ್ ಬೇಕು, 32 ಜಿಬಿ ಆದರೆ ನಿಶ್ಚಿಂತೆ. ಒಂದು ನೋಟ್‌ಪುಸ್ತಕವೂ ಬೇಕು, ಅದು ಏಕೆಂದು ಮೂರನೆಯ ಹಂತದಲ್ಲಿ ತಿಳಿಯುತ್ತದೆ. ಬ್ಯಾಕಪ್ ಅನ್ನು ಪೆನ್‌ಡ್ರೈವ್‌ನಲ್ಲೇ ಇಡಬಾರದೇ ಎಂದು ಕೇಳುವವರಿದ್ದಾರೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಫೈಲ್ ಒಯ್ಯಲು ಪೆನ್‌ಡ್ರೈವ್ ಚೆನ್ನಾಗಿದೆ. ವರ್ಷಗಟ್ಟಲೆ ಇಡುವುದಕ್ಕೆ ಅದನ್ನು ನಂಬುವಂತಿಲ್ಲ, ಕಳೆದುಹೋಗುವುದೂ ಸುಲಭ.

ವಿದ್ಯುತ್ತಿನ ಬಗ್ಗೆಯೂ ಎಚ್ಚರ ಇರಲಿ. ರಿಸ್ಟೋರ್ ನಡೆಯುವಾಗ ಅಥವಾ ಡಿಸ್ಕ್‌ಗೆ ಬರೆಯುವಾಗ ಕರೆಂಟ್ ಹೋದರೆ ಇದ್ದದ್ದೂ ಹಾಳಾಗಬಹುದು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಕೆಲಸ ಶುರು ಮಾಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ಮನೆಯ ಇನ್ವರ್ಟರ್ ಅನ್ನೇ ನಂಬಿದ್ದರೆ, ಅದರಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದಲ್ಲಿ ಅದನ್ನು ಆನ್ ಮಾಡಿ. ಇಲ್ಲವಾದರೆ ಕರೆಂಟ್‌ನಿಂದ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ ಫ್ಯಾನ್ ತಿರುಗುತ್ತಲೇ ಇರುತ್ತದೆ, ಕಂಪ್ಯೂಟರ್ ಮಾತ್ರ ಆಫ್ ಆಗಿ ಮತ್ತೆ ಆನ್ ಆಗಬಹುದು.

ಹಂತ 1: ಸಿಸ್ಟಮ್ ಪ್ರೊಟೆಕ್ಷನ್ ಆನ್ ಇದೆಯೇ ನೋಡಿ

ರಿಸ್ಟೋರ್ ಪಾಯಿಂಟ್‌ಗಳು ತಾವಾಗಿಯೇ ಆಗುತ್ತಿವೆ ಎಂದು ನಂಬಿ ಕುಳಿತವರು ಮೊದಲು ಇದನ್ನು ಪರೀಕ್ಷಿಸಬೇಕು, ಏಕೆಂದರೆ ಅನೇಕ ಕಂಪ್ಯೂಟರ್‌ಗಳಲ್ಲಿ ಈ ಸೌಲಭ್ಯ ಆಫ್ ಆಗಿಯೇ ಇರುತ್ತದೆ. ಸ್ಟಾರ್ಟ್ ಮೆನುವಿನ ಹುಡುಕುವ ಜಾಗದಲ್ಲಿ "ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ಬಂದ ಫಲಿತಾಂಶವನ್ನು ಒತ್ತಿ. ತೆರೆಯುವ ಕಿಟಕಿಯಲ್ಲಿ ಸಿಸ್ಟಮ್ ಪ್ರೊಟೆಕ್ಷನ್ ಎಂಬ ಭಾಗವಿದ್ದು, ಅಲ್ಲಿ ಡ್ರೈವ್‌ಗಳ ಪಟ್ಟಿ ಕಾಣುತ್ತದೆ. ಸಿ ಡ್ರೈವ್ ಮುಂದೆ "ಆಫ್" ಎಂದಿದ್ದರೆ ಅದನ್ನು ಆರಿಸಿ, ಕಾನ್ಫಿಗರ್ ಒತ್ತಿ, "ಟರ್ನ್ ಆನ್ ಸಿಸ್ಟಮ್ ಪ್ರೊಟೆಕ್ಷನ್" ಆಯ್ಕೆಗೆ ಗುರುತು ಹಾಕಿ.

ಅದರ ಕೆಳಗೆ ಮ್ಯಾಕ್ಸ್ ಯೂಸೇಜ್ ಎಂಬ ಎಳೆಯುವ ಪಟ್ಟಿ ಇರುತ್ತದೆ. ರಿಸ್ಟೋರ್ ಪಾಯಿಂಟ್‌ಗಳು ಡಿಸ್ಕ್‌ನಲ್ಲಿ ಎಷ್ಟು ಜಾಗ ಬಳಸಬಹುದು ಎಂಬುದರ ಮಿತಿ ಅದು. ಶೇಕಡಾ 5ರಿಂದ 10ರವರೆಗೆ ಇಟ್ಟರೆ ಸಾಕು. 256 ಜಿಬಿ ಡಿಸ್ಕ್‌ನಲ್ಲಿ ಶೇಕಡಾ 5 ಎಂದರೆ ಸುಮಾರು 13 ಜಿಬಿ. ಜಾಗ ತುಂಬಿದಾಗ ಹಳೆಯವು ತಾವಾಗಿಯೇ ಅಳಿದು ಹೊಸವಕ್ಕೆ ಎಡೆ ಮಾಡಿಕೊಡುತ್ತವೆ. ತೀರ ಕಡಿಮೆ ಇಟ್ಟರೆ ಒಂದೇ ಒಂದು ಪಾಯಿಂಟ್ ಉಳಿಯುತ್ತದೆ, ಕೆಲವೊಮ್ಮೆ ಅದೂ ಉಳಿಯುವುದಿಲ್ಲ.

ಅದೇ ಕಿಟಕಿಯಲ್ಲಿ ಡಿಲೀಟ್ ಎಂಬ ಗುಂಡಿಯೂ ಇದೆ. ಅದನ್ನು ಒತ್ತಿದರೆ ಆ ಡ್ರೈವ್‌ನ ಎಲ್ಲ ರಿಸ್ಟೋರ್ ಪಾಯಿಂಟ್‌ಗಳೂ ಹೋಗುತ್ತವೆ, ಒಂದೊಂದಾಗಿ ಆರಿಸಿ ಅಳಿಸುವ ಅವಕಾಶ ಅಲ್ಲಿಲ್ಲ. ಕಂಪ್ಯೂಟರ್ ಅನ್ನು ಸ್ವಚ್ಛಗೊಳಿಸುತ್ತೇವೆ ಎನ್ನುವ ಕೆಲವು ಪ್ರೋಗ್ರಾಂಗಳೂ ಇವನ್ನು ಕಸವೆಂದು ಗುಡಿಸಿಬಿಡುತ್ತವೆ. ವಿಂಡೋಸ್‌ನ ದೊಡ್ಡ ಆವೃತ್ತಿ ಬದಲಾವಣೆಯ ನಂತರವೂ ಹಳೆಯ ಪಾಯಿಂಟ್‌ಗಳು ಸಾಮಾನ್ಯವಾಗಿ ಉಳಿದಿರುವುದಿಲ್ಲ. ಅಂಥ ಅಪ್‌ಡೇಟ್ ಮುಗಿದ ದಿನ ಈ ಹಂತಕ್ಕೆ ಮರಳಿ ಬಂದು, ಪ್ರೊಟೆಕ್ಷನ್ ಇನ್ನೂ ಆನ್ ಇದೆಯೇ ಎಂದು ನೋಡುವುದು ಒಳ್ಳೆಯದು.

ಹಂತ 2: ರಿಸ್ಟೋರ್ ಪಾಯಿಂಟ್ ಮಾಡುವುದು, ಅದಕ್ಕೆ ಮರಳುವುದು

ಅದೇ ಸಿಸ್ಟಮ್ ಪ್ರೊಟೆಕ್ಷನ್ ಭಾಗದ ಕೆಳಗಿರುವ ಕ್ರಿಯೇಟ್ ಗುಂಡಿಯನ್ನು ಒತ್ತಿ, ಒಂದು ಹೆಸರು ಕೊಟ್ಟರೆ ಮುಗಿಯಿತು. ದಿನಾಂಕ ಮತ್ತು ಹೊತ್ತನ್ನು ವಿಂಡೋಸ್ ತಾನೇ ಬರೆದುಕೊಳ್ಳುತ್ತದೆ, ಆದ್ದರಿಂದ ಹೆಸರಿನಲ್ಲಿ ಕಾರಣವನ್ನು ಬರೆಯಿರಿ: "ಹೊಸ ಪ್ರಿಂಟರ್ ಹಾಕುವ ಮೊದಲು", "ನುಡಿ ಹಾಕುವ ಮೊದಲು" ಎಂಬಂತೆ. ಹೊಸ ಡ್ರೈವರ್, ಪರಿಚಯವಿಲ್ಲದ ಪ್ರೋಗ್ರಾಂ, ಸೆಟ್ಟಿಂಗ್‌ಗಳ ದೊಡ್ಡ ಬದಲಾವಣೆ ಇವುಗಳಿಗೆ ಮೊದಲು ಒಂದು ಪಾಯಿಂಟ್ ಮಾಡಿಕೊಳ್ಳುವ ಅಭ್ಯಾಸ ಇರಲಿ. ವಿಂಡೋಸ್ ಕೆಲವು ಸಂದರ್ಭಗಳಲ್ಲಿ ತಾನೇ ಮಾಡಿಕೊಳ್ಳುತ್ತದೆಯಾದರೂ ನಿಮಗೆ ಬೇಕಾದ ದಿನದ್ದು ಇರುತ್ತದೆ ಎಂಬ ಖಾತರಿಯಿಲ್ಲ. ಇವನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಆಸೆಯೂ ಬೇಡ: ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ರಿಸ್ಟೋರ್ ಪಾಯಿಂಟ್‌ನ ಆಯುಸ್ಸು ಹೆಚ್ಚೆಂದರೆ 60 ದಿನ.

ಮರಳಬೇಕಾದಾಗ ಅಲ್ಲಿಯೇ ಸಿಸ್ಟಮ್ ರಿಸ್ಟೋರ್ ಒತ್ತಿ, ಪಟ್ಟಿಯಿಂದ ಒಂದು ಪಾಯಿಂಟ್ ಆರಿಸಿ, ತಕ್ಷಣ ಮುಂದೆ ಹೋಗದೆ "ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್" ಗುಂಡಿಯನ್ನು ಒತ್ತಿ. ಯಾವ ಪ್ರೋಗ್ರಾಂಗಳು ಹೋಗುತ್ತವೆ, ಯಾವುವು ಮರಳಿ ಬರಬಹುದು ಎಂಬ ಪಟ್ಟಿ ಸಿಗುತ್ತದೆ. ಆ ಪಾಯಿಂಟ್‌ನ ನಂತರ ಹಾಕಿಕೊಂಡ ಪ್ರೋಗ್ರಾಂಗಳನ್ನು ಮತ್ತೆ ಹಾಕಬೇಕಾಗುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಇಳಿಸಿಟ್ಟುಕೊಂಡ ಸೆಟಪ್ ಫೈಲ್‌ಗಳು ಮಾಯವಾಗುವುದೂ ಉಂಟು, ಏಕೆಂದರೆ ಪ್ರೋಗ್ರಾಂ ಬಗೆಯ ಫೈಲ್‌ಗಳು ಎಲ್ಲಿದ್ದರೂ ಸಿಸ್ಟಮ್ ರಿಸ್ಟೋರ್ ಅವುಗಳನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಅಂಥವನ್ನು ಮೊದಲೇ ಹೊರಗಿನ ಡಿಸ್ಕ್‌ಗೆ ಹಾಕಿಕೊಳ್ಳಿ. ಒಮ್ಮೆ ಶುರುವಾದ ಮೇಲೆ, ಎಷ್ಟೇ ಹೊತ್ತಾದರೂ, ನಡುವೆ ಪವರ್ ಗುಂಡಿಯನ್ನು ಒತ್ತಬೇಡಿ.

ವಿಂಡೋಸ್ ಒಳಗಿಂದ ಮಾಡಿದ ರಿಸ್ಟೋರ್ ಸರಿಹೋಗದಿದ್ದರೆ ಅದನ್ನು ರದ್ದು ಮಾಡಿ ಹಿಂದಿನ ಸ್ಥಿತಿಗೆ ಬರಬಹುದು. ಸೇಫ್ ಮೋಡ್‌ನಲ್ಲಿ, ಅಂದರೆ ತೀರ ಅಗತ್ಯವಾದ ಭಾಗಗಳಿಂದ ಮಾತ್ರ ವಿಂಡೋಸ್ ಏಳುವ ಸ್ಥಿತಿಯಲ್ಲಿ, ಅಥವಾ ಮುಂದಿನ ಹಂತದಲ್ಲಿ ಹೇಳುವ ದುರಸ್ತಿ ಪರದೆಯಿಂದ ಮಾಡಿದ್ದನ್ನು ಹಾಗೆ ರದ್ದು ಮಾಡಲಾಗದು.

ಹಂತ 3: ವಿಂಡೋಸ್ ಏಳದಿದ್ದಾಗ ಬೇಕಾಗುವ ಸಿದ್ಧತೆ

ಕಂಪ್ಯೂಟರ್ ಪೂರ್ತಿ ತೆರೆದುಕೊಳ್ಳದಿದ್ದರೆ ಮೇಲಿನ ಯಾವ ಕಿಟಕಿಯೂ ಕೈಗೆ ಸಿಗುವುದಿಲ್ಲ. ಸತತವಾಗಿ ಕೆಲವು ಸಲ ಏಳಲಾಗದೆ ಹೋದಾಗ ವಿಂಡೋಸ್ ತಾನೇ ಒಂದು ನೀಲಿ ದುರಸ್ತಿ ಪರದೆಯನ್ನು ತೋರಿಸುತ್ತದೆ. ವಿಂಡೋಸ್ ಏಳುತ್ತಿದ್ದರೂ ಈ ಪರದೆ ಬೇಕೆನಿಸಿದರೆ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ರೀಸ್ಟಾರ್ಟ್ ಮಾಡಿ. ಅಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಸಿಸ್ಟಮ್ ರಿಸ್ಟೋರ್ ಇರುತ್ತದೆ. ಅದೇ ದಾರಿಯಲ್ಲಿ "ರಿಸೆಟ್ ದಿಸ್ ಪಿಸಿ" ಎಂಬ ಇನ್ನೊಂದು ಆಯ್ಕೆಯೂ ಕಾಣುತ್ತದೆ, ಹೆಸರು ಹತ್ತಿರವಾದ್ದರಿಂದ ಅನೇಕರು ಅದನ್ನೇ ಒತ್ತುತ್ತಾರೆ. ರಿಸೆಟ್ ಬೇರೆಯೇ ಕೆಲಸ. ಅದರಲ್ಲಿ "ಕೀಪ್ ಮೈ ಫೈಲ್ಸ್" ಆರಿಸಿದರೂ ನೀವು ಹಾಕಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ, "ರಿಮೂವ್ ಎವ್ರಿಥಿಂಗ್" ಆರಿಸಿದರೆ ಫೈಲ್‌ಗಳೂ ಉಳಿಯುವುದಿಲ್ಲ.

ಈ ಪರದೆಯೂ ಬಾರದಷ್ಟು ಕೆಟ್ಟಾಗ ಬೇಕಾಗುವುದು ರಿಕವರಿ ಡ್ರೈವ್, ಅಂದರೆ ಕಂಪ್ಯೂಟರ್ ಅನ್ನು ಎಬ್ಬಿಸಬಲ್ಲ ಪೆನ್‌ಡ್ರೈವ್. ಸ್ಟಾರ್ಟ್ ಮೆನುವಿನಲ್ಲಿ "ರಿಕವರಿ ಡ್ರೈವ್" ಎಂದು ಹುಡುಕಿದರೆ ಅದನ್ನು ಮಾಡಿಕೊಡುವ ಪ್ರೋಗ್ರಾಂ ಸಿಗುತ್ತದೆ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ ಎಂಬುದನ್ನು ಮರೆಯಬೇಡಿ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಇದನ್ನು ಮಾಡಿಟ್ಟುಕೊಳ್ಳಬೇಕು.

ಈಗ ನೋಟ್‌ಪುಸ್ತಕದ ವಿಷಯ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋಗುವವರಿಗೆ, ಡಿಸ್ಕ್ ಪೂರ್ತಿ ಗೂಢಲಿಪಿಯಲ್ಲಿ ಬೀಗ ಹಾಕಿಕೊಂಡಿರುವುದು ಈಗ ಸಾಮಾನ್ಯ. ದುರಸ್ತಿ ಪರದೆ ಕೆಲವು ಸಲ ಈ ಬೀಗ ತೆರೆಯುವ ಬಿಟ್‌ಲಾಕರ್ ರಿಕವರಿ ಕೀ ಎಂಬ 48 ಅಂಕಿಗಳ ಸಂಖ್ಯೆಯನ್ನು ಕೇಳುತ್ತದೆ. ಅದು ನಿಮ್ಮಲ್ಲಿ ಇಲ್ಲದಿದ್ದರೆ ನಿಮ್ಮದೇ ಫೈಲ್‌ಗಳು ನಿಮಗೇ ಸಿಗುವುದಿಲ್ಲ, ಯಾವ ಅಂಗಡಿಯವರಿಂದಲೂ ಅದನ್ನು ಬಿಡಿಸಲಾಗುವುದಿಲ್ಲ. ಇಂದೇ ನಿಮ್ಮ ಮೈಕ್ರೋಸಾಫ್ಟ್ ಖಾತೆಯೊಳಗೆ ಹೋಗಿ, ಸಾಧನಗಳ ವಿವರದಲ್ಲಿ ಈ ಸಂಖ್ಯೆಯನ್ನು ಹುಡುಕಿ, ಪುಸ್ತಕದಲ್ಲಿ ಬರೆದು, ಅಂಕಿ ಅಂಕಿಯಾಗಿ ತಾಳೆ ನೋಡಿ, ಕಂಪ್ಯೂಟರ್‌ನಿಂದ ದೂರ ಬೀರುವಿನಲ್ಲಿ ಇಡಿ. ಕಂಪ್ಯೂಟರ್ ಅನ್ನು ಅಂಗಡಿಯಲ್ಲಿ ಬೇರೆ ಯಾರದೋ ಖಾತೆಯಿಂದ ಸಿದ್ಧಮಾಡಿ ಕೊಟ್ಟಿದ್ದರೆ ಕೀ ಆ ಖಾತೆಯಲ್ಲಿರುತ್ತದೆ. ಹಾಗೇನಾದರೂ ಇದ್ದರೆ ಈಗಲೇ ಕೇಳಿ ಪಡೆಯಿರಿ.

ಹಂತ 4: ಏನನ್ನು ಉಳಿಸಬೇಕು ಎಂದು ಪಟ್ಟಿ ಮಾಡಿ

ಈ ಹಂತವನ್ನು ಜನ ಹಾರಿಸುತ್ತಾರೆ, ನಷ್ಟ ಆಗುವುದೂ ಇಲ್ಲಿಯೇ. ಮತ್ತೆ ಸಿಗುವಂಥದ್ದು, ಸಿಗದಂಥದ್ದು ಎಂದು ಫೈಲ್‌ಗಳನ್ನು ಬೇರೆ ಮಾಡಿಕೊಳ್ಳಿ. ಪಹಣಿಯನ್ನು ಭೂಮಿ ತಂತ್ರಾಂಶದಿಂದ ಮತ್ತೆ ಪಡೆಯಬಹುದು, ಆಧಾರ್ ಪ್ರತಿಯನ್ನು ಮತ್ತೆ ಇಳಿಸಿಕೊಳ್ಳಬಹುದು, ವಿಂಡೋಸ್ ಅನ್ನೂ ಮತ್ತೆ ಹಾಕಬಹುದು. ಮದುವೆಯ ಫೋಟೋ, ತೀರಿಹೋದ ಹಿರಿಯರ ಧ್ವನಿ ಇರುವ ವಿಡಿಯೋ, ನೀವೇ ಬರೆದ ಬರಹ, ವ್ಯಾಪಾರದ ಲೆಕ್ಕ ಇವು ಮತ್ತೆ ಸಿಗುವುದಿಲ್ಲ. ಮೊದಲ ಜಾಗ ಇವಕ್ಕೇ ಸಲ್ಲಬೇಕು.

ಫೋನಿನ ಫೋಟೋಗಳನ್ನು ಕಂಪ್ಯೂಟರ್‌ಗೆ ಹಾಕಿ, ಜಾಗ ಖಾಲಿಯಾಗಲಿ ಎಂದು ಫೋನಿನಿಂದ ಅಳಿಸುವವರು ವಿಶೇಷವಾಗಿ ಗಮನಿಸಬೇಕು. ಹಾಗೆ ಮಾಡಿದ ಕ್ಷಣದಿಂದ ಕಂಪ್ಯೂಟರ್‌ನಲ್ಲಿರುವುದು ಬ್ಯಾಕಪ್ ಅಲ್ಲ, ಉಳಿದಿರುವ ಒಂದೇ ಪ್ರತಿ.

ಟ್ಯಾಲಿ ಎಂಬ ಲೆಕ್ಕದ ಪ್ರೋಗ್ರಾಂ ಬಳಸುವವರು, ತಿಪಟೂರಿನ ಕೊಬ್ಬರಿ ವ್ಯಾಪಾರಿಗಳಿರಲಿ, ಮನೆಯಿಂದಲೇ ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವವರಿರಲಿ, ಒಂದು ಮಾತು ನೆನಪಿಡಬೇಕು: ಟ್ಯಾಲಿಯ ಡೇಟಾ ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಇರುವುದಿಲ್ಲ. ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಮಾತ್ರ ಉಳಿಸಿಕೊಂಡು ಫಾರ್ಮ್ಯಾಟ್ ಮಾಡಿಸಿದರೆ ವರ್ಷದ ಲೆಕ್ಕ ಹೋಗುತ್ತದೆ. ಟ್ಯಾಲಿ ತೆರೆದಿರುವಾಗ ಅದರ ಫೋಲ್ಡರ್ ಅನ್ನು ಹಾಗೆಯೇ ನಕಲು ಮಾಡುವುದೂ ಸರಿಯಲ್ಲ, ಅರ್ಧ ಬರೆದ ಫೈಲ್ ನಕಲಾಗಬಹುದು. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒಟ್ಟಿಗೆ ಒತ್ತಿದರೆ ಡೇಟಾ ಮೆನು ಬರುತ್ತದೆ, ಅದರಲ್ಲಿರುವ ಬ್ಯಾಕಪ್ ಆಯ್ಕೆಯನ್ನು ಬಳಸಿ, ಜಾಗವನ್ನು ಹೊರಗಿನ ಡಿಸ್ಕ್‌ಗೆ ಬದಲಿಸಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ವಿಷಯ. ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್‌ಗಳು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಫೈಲ್ ಉಳಿದರೂ ಓದಲಾಗದೆ ಕಂಗಾಲಾದವರಿದ್ದಾರೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನೀವು ಬಳಸಿದ ಫಾಂಟ್‌ಗಳನ್ನೂ ನಕಲು ಮಾಡಿ ಅದೇ ಬ್ಯಾಕಪ್‌ನಲ್ಲಿ ಇಡಿ. ಬಹಳ ಮುಖ್ಯವಾದ ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಒಂದು ಪ್ರತಿಯನ್ನೂ ಇಟ್ಟರೆ ಮುಂದೆ ಚಿಂತೆ ಇರುವುದಿಲ್ಲ.

ಹಂತ 5: ಫೈಲ್ ಹಿಸ್ಟರಿಯಿಂದ ಬ್ಯಾಕಪ್

ಕಾಪಿ, ಪೇಸ್ಟ್ ಮಾಡಿದರೆ ಸಾಲದೇ? ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಕೈಯಿಂದ ಮಾಡುವ ಕೆಲಸ ತಪ್ಪಿಹೋಗುತ್ತದೆ, ಹಾಳಾದ ಫೈಲ್ ಒಳ್ಳೆಯ ಪ್ರತಿಯ ಮೇಲೆ ಕೂತುಬಿಡುವ ಅಪಾಯವೂ ಇದೆ. ವಿಂಡೋಸ್‌ನಲ್ಲೇ ಇರುವ ಫೈಲ್ ಹಿಸ್ಟರಿ ಒಂದೇ ಫೈಲ್‌ನ ಹಳೆಯ ರೂಪಗಳನ್ನೂ ಉಳಿಸುತ್ತದೆ, ಆದ್ದರಿಂದ ನನ್ನ ಮೊದಲ ಶಿಫಾರಸು ಅದೇ.

ಹೊರಗಿನ ಡಿಸ್ಕ್ ಜೋಡಿಸಿ, ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಅಂಡ್ ಸೆಕ್ಯೂರಿಟಿ ಭಾಗದಲ್ಲಿ ಫೈಲ್ ಹಿಸ್ಟರಿ ತೆರೆದು, ಟರ್ನ್ ಆನ್ ಒತ್ತಿ. ಡಿಸ್ಕ್ ಜೋಡಿಸಿರುವಷ್ಟು ಕಾಲ ಅದು ಗಂಟೆಗೊಮ್ಮೆ ಬದಲಾದ ಫೈಲ್‌ಗಳನ್ನು ನಕಲು ಮಾಡುತ್ತದೆ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಹಳೆಯ ಪ್ರತಿಗಳನ್ನು ಎಂದೆಂದಿಗೂ ಇಡು ಎಂಬ ಆಯ್ಕೆ ಮೊದಲಿನಿಂದ ಇರುತ್ತದೆ. ಅದನ್ನು "ಅನ್‌ಟಿಲ್ ಸ್ಪೇಸ್ ಈಸ್ ನೀಡೆಡ್" ಎಂದು ಬದಲಿಸಿದರೆ ಡಿಸ್ಕ್ ತುಂಬಿ ಬ್ಯಾಕಪ್ ಸದ್ದಿಲ್ಲದೆ ನಿಂತುಹೋಗುವುದು ತಪ್ಪುತ್ತದೆ.

ಫೈಲ್ ಹಿಸ್ಟರಿ ನೋಡಿಕೊಳ್ಳುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ನಿಗದಿತ ಜಾಗಗಳನ್ನು ಮಾತ್ರ. ಡಿ ಡ್ರೈವ್‌ನಲ್ಲಿರುವ ಫೋಲ್ಡರ್ ಸೇರಿಸಬೇಕೆಂದರೆ ಅದರ ಮೇಲೆ ಬಲ ಕ್ಲಿಕ್ ಮಾಡಿ, ವಿಂಡೋಸ್ 11ರಲ್ಲಿ "ಶೋ ಮೋರ್ ಆಪ್ಷನ್ಸ್" ಒತ್ತಿ, "ಇನ್‌ಕ್ಲೂಡ್ ಇನ್ ಲೈಬ್ರರಿ" ಆರಿಸಿ. ಇದೊಂದನ್ನು ಮಾಡದೆ ಬ್ಯಾಕಪ್ ಆಗುತ್ತಿದೆ ಎಂದು ಭ್ರಮಿಸಿದವರು ಬಹಳ. ಒನ್‌ಡ್ರೈವ್, ಅಂದರೆ ಇಂಟರ್ನೆಟ್‌ನಲ್ಲಿ ಫೈಲ್ ಇಡುವ ಮೈಕ್ರೋಸಾಫ್ಟ್‌ನ ಸೇವೆ, ಬಳಸುವವರಲ್ಲಿ ಮೋಡದ ಗುರುತು ಇರುವ ಫೈಲ್‌ಗಳು ನಿಜವಾಗಿ ನಿಮ್ಮ ಡಿಸ್ಕ್‌ನಲ್ಲಿ ಇರುವುದಿಲ್ಲ, ಆದ್ದರಿಂದ ಅವು ಈ ಬ್ಯಾಕಪ್‌ಗೂ ಬರುವುದಿಲ್ಲ.

ಬ್ಯಾಕಪ್ ಮುಗಿದ ಮೇಲೆ ಡಿಸ್ಕ್ ಅನ್ನು ಸೇಫ್ಲಿ ರಿಮೂವ್ ಮಾಡಿ ತೆಗೆದಿಡಿ. ಸದಾ ಜೋಡಿಸಿಯೇ ಇಡುವುದು ಅನುಕೂಲವಾಗಿ ಕಂಡರೂ ಎರಡು ಕಾರಣಕ್ಕೆ ಬೇಡವೆನ್ನುತ್ತೇನೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ವಿದ್ಯುತ್ ಒಮ್ಮೆಲೇ ಏರಿದರೆ ಕಂಪ್ಯೂಟರ್ ಜೊತೆಗೆ ಡಿಸ್ಕ್ ಕೂಡ ಸುಡಬಹುದು. ಎರಡನೆಯದು ರ‍್ಯಾನ್ಸಮ್‌ವೇರ್, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ. ಅದು ಜೋಡಿಸಿರುವ ಎಲ್ಲ ಡ್ರೈವ್‌ಗಳಿಗೂ ಕೈ ಹಾಕುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ವನ್ನಾಕ್ರೈ ಫೈಲ್‌ಗಳಿಗೆ ಬೀಗ ಹಾಕುವುದರ ಜೊತೆಗೆ ವಿಂಡೋಸ್ ಒಳಗೇ ಇಟ್ಟುಕೊಂಡಿದ್ದ ಹಳೆಯ ಪ್ರತಿಗಳನ್ನೂ ಅಳಿಸಿಹಾಕುತ್ತಿತ್ತು. ರಿಸ್ಟೋರ್ ಪಾಯಿಂಟ್‌ಗಳು ನಿಂತಿರುವುದು ಇದೇ ಬಗೆಯ ಪ್ರತಿಗಳ ಮೇಲೆ. ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ಡಿಸ್ಕ್ ಜೋಡಿಸುವುದು ಮನೆಗಳಿಗೆ ಹೊಂದುವ ಕ್ರಮ. ಲೆಕ್ಕ ಬರೆಯುವವರು ದಿನವೂ ಮಾಡಬೇಕು.

ಹಂತ 6: ಎರಡನೆಯ ಪ್ರತಿ, ಬೇರೆ ಸ್ಥಳದಲ್ಲಿ

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರವಿದೆ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಬೇರೆ ಸ್ಥಳದಲ್ಲಿ. ಮನೆಯಲ್ಲಿ ಕಳ್ಳತನವಾದರೆ ಕಂಪ್ಯೂಟರ್ ಜೊತೆ ಪಕ್ಕದ ಡಿಸ್ಕ್ ಕೂಡ ಹೋಗುತ್ತದೆ ಎಂಬುದೇ ಕೊನೆಯ ಮಾತಿಗೆ ಕಾರಣ. ಇಂಟರ್ನೆಟ್‌ನಲ್ಲಿ ಇಡುವುದಾದರೆ ಗೂಗಲ್ ಖಾತೆಯಲ್ಲಿ 15 ಜಿಬಿ, ಒನ್‌ಡ್ರೈವ್‌ನಲ್ಲಿ 5 ಜಿಬಿ ಉಚಿತ. ಬರಹ ಮತ್ತು ಲೆಕ್ಕಕ್ಕೆ ಇದು ಸಾಕು, ಫೋಟೋಗಳಿಗೆ ಸಾಲದು. ಇವು ಸಿಂಕ್ ಮಾಡುತ್ತವೆ, ಅಂದರೆ ಎರಡೂ ಕಡೆ ಒಂದೇ ರೀತಿ ಇರುವಂತೆ ನೋಡಿಕೊಳ್ಳುತ್ತವೆ. ಇಲ್ಲಿ ಅಳಿಸಿದ ಫೈಲ್ ಅಲ್ಲಿಯೂ ಅಳಿಯುತ್ತದೆ, ಸ್ವಲ್ಪ ದಿನ ಮಾತ್ರ ಅದರ ಕಸದ ಬುಟ್ಟಿಯಲ್ಲಿ ಉಳಿಯುತ್ತದೆ.

ಫೋಟೋ ಹೆಚ್ಚಿದ್ದರೆ ಎರಡನೆಯ ಡಿಸ್ಕ್ ಕೊಂಡು, ಊರಿನಲ್ಲಿರುವ ಅಣ್ಣನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇಟ್ಟು, ಹಬ್ಬಕ್ಕೆ ಹೋದಾಗಲೆಲ್ಲ ಹೊಸ ಪ್ರತಿ ಹಾಕಿಕೊಡುವುದು ಒಳ್ಳೆಯ ಉಪಾಯ. ಬ್ಯಾಂಕ್ ಮತ್ತು ಗುರುತಿನ ದಾಖಲೆಗಳನ್ನು ಹಾಗೆಯೇ ಇಡಬೇಡಿ. 7-ಜಿಪ್ ಎಂಬ ಉಚಿತ ಪ್ರೋಗ್ರಾಂನಿಂದ ಪಾಸ್‌ವರ್ಡ್ ಹಾಕಿ ಕಟ್ಟಿಡಿ, ಆ ಪಾಸ್‌ವರ್ಡ್ ಕೂಡ ನೋಟ್‌ಪುಸ್ತಕಕ್ಕೆ ಸೇರಲಿ.

ಇಡೀ ಡಿಸ್ಕ್‌ನ ಪ್ರತಿರೂಪ, ಅಂದರೆ ಸಿಸ್ಟಮ್ ಇಮೇಜ್ ತೆಗೆಯುವುದು ಎಲ್ಲರಿಗೂ ಅಗತ್ಯವಲ್ಲ. ಬೇಕೆನಿಸಿದವರಿಗೆ ಕಂಟ್ರೋಲ್ ಪ್ಯಾನೆಲ್‌ನ "ಬ್ಯಾಕಪ್ ಅಂಡ್ ರಿಸ್ಟೋರ್, ವಿಂಡೋಸ್ 7" ಭಾಗದಲ್ಲಿ ಆ ಆಯ್ಕೆ ಇದೆ. ಹೊರಗಿನ ಡಿಸ್ಕ್ ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು, ಅದು ಉಂಟುಮಾಡುವ ಫೋಲ್ಡರ್‌ನ ಹೆಸರನ್ನು ಬದಲಿಸಬಾರದು.

ಹಂತ 7: ಮರಳಿ ಪಡೆದು ನೋಡಿ

ಒಮ್ಮೆಯೂ ತೆರೆದು ನೋಡದ ಬ್ಯಾಕಪ್ ಅನ್ನು ನಂಬಬೇಡಿ. ಮೂರು ತಿಂಗಳಿಗೊಮ್ಮೆ ಫೈಲ್ ಹಿಸ್ಟರಿಯ "ರಿಸ್ಟೋರ್ ಪರ್ಸನಲ್ ಫೈಲ್ಸ್" ತೆರೆದು, ಒಂದು ಹಳೆಯ ಫೋಟೋ, ಒಂದು ಪತ್ರ, ಒಂದು ವಿಡಿಯೋ ಆರಿಸಿ, ಬೇರೆ ಫೋಲ್ಡರ್‌ಗೆ ಮರಳಿ ತಂದು, ನಿಜವಾಗಿ ತೆರೆಯುತ್ತವೆಯೇ ನೋಡಿ. ಮೂಲ ಜಾಗಕ್ಕೇ ತಂದರೆ ಈಗಿನ ಒಳ್ಳೆಯ ಫೈಲ್ ಮೇಲೆ ಹಳೆಯದು ಕೂರಬಹುದು. ಡಿಸ್ಕ್ ಅನ್ನು ಮನೆಯವರ ಅಥವಾ ನೆರೆಯವರ ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಿಯೂ ಪರೀಕ್ಷಿಸಿ. ನಿಮ್ಮ ಕಂಪ್ಯೂಟರ್ ಕೆಟ್ಟ ದಿನ ನೀವು ಮಾಡಬೇಕಾಗುವುದು ಅದನ್ನೇ.

ಇಷ್ಟೆಲ್ಲ ಮಾಡುವ ಮೊದಲೇ ಫೈಲ್ ಅಳಿಸಿಹೋಗಿದ್ದರೆ ಅಥವಾ ಡಿಸ್ಕ್‌ನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ, ತಕ್ಷಣ ಕಂಪ್ಯೂಟರ್ ಆಫ್ ಮಾಡಿ. ಸಿಸ್ಟಮ್ ರಿಸ್ಟೋರ್ ಒತ್ತಬೇಡಿ, ಅಳಿದದ್ದನ್ನು ಹುಡುಕಿಕೊಡುವ ಪ್ರೋಗ್ರಾಂ ಅನ್ನು ಅದೇ ಡಿಸ್ಕ್‌ಗೆ ಇಳಿಸಬೇಡಿ. ಹೊಸದಾಗಿ ಬರೆದದ್ದು ಹಳೆಯದರ ಜಾಗವನ್ನೇ ಆಕ್ರಮಿಸಬಹುದು. ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಬಗೆಯ ಡಿಸ್ಕ್‌ನಲ್ಲಂತೂ ಅಳಿಸಿದ ಫೈಲ್ ಮರಳಿ ಸಿಗುವ ಸಾಧ್ಯತೆ ತೀರ ಕಡಿಮೆ, ಅಳಿದ ಜಾಗವನ್ನು ಅದು ಹಿನ್ನೆಲೆಯಲ್ಲೇ ಖಾಲಿ ಮಾಡಿಕೊಳ್ಳುತ್ತದೆ. ದುರಸ್ತಿಗೆ ಕೊಡುವಾಗ "ನನಗೆ ಬೇಕಾಗಿರುವುದು ಡೇಟಾ, ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ" ಎಂದು ಚೀಟಿ ಬರೆದು ಕಂಪ್ಯೂಟರ್ ಮೇಲೆಯೇ ಅಂಟಿಸಿ ಕೊಡಿ.